ಸೌಟಿನ ಆಳ

ಓಕ್ಪೊ ಹಡಗುಕಟ್ಟೆಯ ಎರಡನೇ ಗೇಟಿನೆದುರು
ಹಂದಿಮೂಳೆಯ ಸಾರು ಕುದಿಸುತ್ತೇನೆ ನಾನು,
ಮೂವತ್ತೊಂದು ವರ್ಷದಿಂದ, ಅದೇ ಹಂಡೆಯಲ್ಲಿ.
ಹೆಸರು ಚೊನ್ ಮಲ್-ಸುಕ್. ಹೆಸರು ಹಿಡಿದು ಕರೆಯುವವರಿಲ್ಲ.
'ಚಿಕ್ಕಮ್ಮಾ, ಇನ್ನೊಂದು ಬಟ್ಟಲು' ಅನ್ನುತ್ತಾರೆ, ಅಷ್ಟೆ.

ಹನ್ನೆರಡಕ್ಕೆ ಸೈರನ್ನು.
ಮೊದಲು ಹೆಲ್ಮೆಟ್ಟುಗಳು ಒಳಗೆ ಬರುತ್ತವೆ, ಮುಖ ಆಮೇಲೆ.
ನೀಲಿ ಪಟ್ಟಿಯವರು ಕಂಪನಿಯವರು,
ಹಳದಿಯವರು ಗುತ್ತಿಗೆಯೊಳಗಿನ ಗುತ್ತಿಗೆಯವರು.
ಒಂದೇ ಹಡಗು, ಒಂದೇ ತಗಡು,
ಈ ಮಗ್ಗುಲಿನ ಬೆಸುಗೆಗೆ ಒಂದು ಕೂಲಿ,
ಆ ಮಗ್ಗುಲಿನದಕ್ಕೆ ಅದರರ್ಧ, ಮೇಲೊಂದಿಷ್ಟು ಚಿಲ್ಲರೆ.
ಕಡಲಿಗಿಳಿದ ಮೇಲೆ ನೀರು ಕೇಳುತ್ತದೆಯೇ
ಯಾವ ಬೆಸುಗೆ ಯಾರದೆಂದು?
ಎರಡನ್ನೂ ಒಂದೇ ಸಮ ಒತ್ತುತ್ತದೆ.

ಹಿಂದೆ ಎಲ್ಲ ಚೆನ್ನಾಗಿತ್ತು ಅನ್ನಲಾರೆ.
ಆಗಲೂ ಮೇಸ್ತ್ರಿ ಮೇಸ್ತ್ರಿಯೇ, ಹುಡುಗ ಹುಡುಗನೇ.
ಆದರೆ ಇಬ್ಬರಿಗೂ ಸಂಬಳದ ದಿನ ಒಂದೇ ಆಗಿತ್ತು,
ಆ ಸಂಜೆ ಇಲ್ಲಿ ಒಂದೇ ಗಲಾಟೆ.
ಆಮೇಲೆ ಬಂತು ಡಾಲರು ಏರಿದ ಚಳಿಗಾಲ,
ದೇಶದ ಸಾಲಕ್ಕೆಂದು ಜನ ಉಂಗುರ ಬಿಚ್ಚಿಕೊಟ್ಟ ಚಳಿಗಾಲ.
ನಾನೂ ಕೊಟ್ಟೆ. ದೇಶ ಉಳಿಯಿತು.
ಬೆರಳಲ್ಲಿ ಒಂದು ಬಿಳಿ ಗೆರೆ ಉಳಿಯಿತು.
'ಕಾಯಂ' ಅನ್ನುವ ಮಾತು ಮಾತ್ರ
ಆ ವರ್ಷ ಹೋದದ್ದು ತಿರುಗಿ ಬರಲಿಲ್ಲ.

ಗೋಡೆಯ ಟೀವಿಯಲ್ಲಿ ಇವತ್ತು ಟೈ ಬಿಗಿದ ನಾಲ್ವರು.
ಒಬ್ಬರು ಯಂತ್ರದ ಕಡೆ ಬೆರಳು ತೋರುತ್ತಾರೆ,
ಒಬ್ಬರು ಚೀನಾದ ಕಡೆ.
ಯೂನಿಯನ್ನು ಸೊರಗಿದ್ದೇ ಎಲ್ಲಕ್ಕೂ ಮೂಲ ಅನ್ನುತ್ತಾರೆ ಮೂರನೆಯವರು;
ಕೊಬ್ಬಿದ್ದು ಅನ್ನುತ್ತಾರೆ ನಾಲ್ಕನೆಯವರು.
ದೊಡ್ಡವರ ತೆರಿಗೆ ಇಳಿಸಿದರೆ
ಮೇಲಿನ ಕೊಡ ತುಂಬಿ ಕೆಳಕ್ಕೆ ತೊಟ್ಟಿಕ್ಕುತ್ತದಂತೆ.

ಯಾಂಗ್ ದೊಲ್-ಮನ್, ಹಳದಿ ಪಟ್ಟಿ,
ಹಡಗಿನ ತಳದ ಟ್ಯಾಂಕಿನೊಳಗೆ ಅಂಗಾತ ಮಲಗಿ ಬೆಸೆಯುವವನು,
ಕತ್ತೆತ್ತಿ ನನ್ನ ಸೂರು ನೋಡಿದ.
ಮಳೆ ಬಂದರೆ ಅದು ನಿಜಕ್ಕೂ ಸೋರುತ್ತದೆ,
ಮೂಲೆಯಲ್ಲಿ ಬಕೀಟು ಇಟ್ಟಿದ್ದೇನೆ.
'ಚಿಕ್ಕಮ್ಮಾ,' ಅಂದ, 'ನಿಮ್ಮಲ್ಲಿಗೆ ಬಂದು ತಲುಪಿದೆ ನೋಡಿ.'
ನೀಲಿ ಪಟ್ಟಿಯವರೂ ನಕ್ಕರು, ಸಾರು ನೆತ್ತಿಗೇರುವಷ್ಟು.

ಕನಿಷ್ಠ ಕೂಲಿ ಏರಲೇಬೇಕು ಅಂದರು ಆ ಮೂರನೆಯವರು.
ಅಂಗಡಿಯೆಲ್ಲ ತಲೆದೂಗಿತು.
ನಾನು ಹಂಡೆಯ ಕಡೆ ತಿರುಗಿಕೊಂಡೆ.

ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾಳೆ ದಿಯೆಪ್, ವಿಯೆಟ್ನಾಮಿನವಳು.
ವಾರಕ್ಕೆ ಹದಿನೈದು ಗಂಟೆ ಮುಟ್ಟಿದರೆ
ರಜೆಯ ದಿನದ ಕೂಲಿಯನ್ನೂ ಕೊಡಬೇಕು, ಕಾನೂನು.
ಮುಟ್ಟಲು ನಾನು ಬಿಡುವುದಿಲ್ಲ.
ಹದಿನಾಲ್ಕಕ್ಕೆ ಏಪ್ರನ್ನು ಬಿಚ್ಚಮ್ಮ ಅನ್ನುತ್ತೇನೆ,
ಎದುರಿನ ಕೋಳಿಯಂಗಡಿಗೆ ಹೋಗುತ್ತಾಳೆ,
ಅಲ್ಲಿಯೂ ಹದಿನಾಲ್ಕೇ.
ಗ್ಯಾಸು, ಮೂಳೆಯ ದರ,
ಬಾಡಿಗೆ ಏರಿಸಿ ಒಡೆಯನ ಮಗ ಸೋಲ್‌ನಿಂದ ಕಳಿಸುವ ಮೆಸೇಜು,
ಅದರ ಕೊನೆಗೊಂದು ಕೈಮುಗಿದ ಚಿತ್ರ.
ನನ್ನಲ್ಲೂ ಕಾರಣಗಳಿವೆ,
ಟೀವಿಯಲ್ಲಿ ನಾಲ್ವರನ್ನು ಕೂರಿಸುವಷ್ಟು.

ಸಾರಿನ ಹಂಡೆಗೊಂದು ಗುಟ್ಟಿದೆ.
ಕೊಬ್ಬು ಮೇಲೆ ತೇಲುತ್ತದೆ, ಮಾಂಸ ತಳ ಹಿಡಿಯುತ್ತದೆ,
ನಡುವೆ ಇರುವುದು ಬಣ್ಣದ ಬಿಸಿನೀರು.
ಬಡಿಸುವವರು ನಮ್ಮವರಾದರೆ
ಕಡೇ ಪಂಕ್ತಿಯಾದರೇನು ಅನ್ನುತ್ತಾರೆ.
ಕಡೇ ಪಂಕ್ತಿಯಲ್ಲಿ ಕೂತಿದ್ದಾಳೆ ದಿಯೆಪ್,
ಎರಡೂವರೆಗೆ, ಬೆಂಚುಗಳೆಲ್ಲ ಖಾಲಿಯಾದ ಮೇಲೆ,
ಒದ್ದೆ ಕೈ ಮಡಿಲಲ್ಲಿಟ್ಟು.
ಸೌಟು ಎಷ್ಟಾಳಕ್ಕೆ ಹೋಗಬೇಕೆಂದು
ಯಾವ ಮಂತ್ರಾಲಯವೂ ಬರೆದಿಟ್ಟಿಲ್ಲ.
ತಳ ಗೀರುವ ತನಕ ಮುಳುಗಿಸುತ್ತೇನೆ,
ಒಳ್ಳೆಯ ತುಂಡುಗಳೇ ಬರುತ್ತವೆ.

ಮಾಂಸ ಅದು, ಗಂಟೆಯಲ್ಲ.
ಅವಳಿಗೂ ಗೊತ್ತು.
ಮೂಳೆ ಚೀಪುತ್ತಾ ಗಡಿಯಾರ ನೋಡುತ್ತಾಳೆ,
ಈ ವಾರದ್ದು ಇನ್ನೂ ಕಾಲು ಗಂಟೆ ಬಾಕಿ ಇದೆ ಅನ್ನುತ್ತಾಳೆ,
ತನ್ನ ಬಟ್ಟಲು ತಾನೇ ಎತ್ತಿಕೊಂಡು ಏಳುತ್ತಾ.