ಹದಿನಾಲ್ಕನೆಯ ಕೊಂಡಿ

ವೆಸ್ಟೆರೋಸ್‌ನಲ್ಲಿ ಜನವರಿಯ ಇರುಳು
ಮಧ್ಯಾಹ್ನ ಮೂರೂವರೆಗೇ ಶುರು.
ಸರೋವರ ಕಲ್ಲಾಗಿದೆ. ಪಿರ್ಕ್ಕೊ ಹೌತಲಾ
ಬೂಟಿನ ಹಿಮ ಕೊಡವಿ ಒಳಬರುತ್ತಾಳೆ.
ಕಂಕುಳಲ್ಲಿ ಥರ್ಮಾಸು, ತುಟಿಯಲ್ಲಿ ಮಾತಿಲ್ಲ.
ಮೂವತ್ತೊಂದು ವರ್ಷದ ರಾತ್ರಿಪಾಳಿ.

ಮೇಜಿನ ಮೇಲೆ ಹದಿನಾಲ್ಕು ಟೈಟೇನಿಯಂ ಕೊಂಡಿ,
ಕಡಲಲ್ಲಿ ಮುಳುಗುವವರನ್ನು ಮೇಲೆಳೆವ
ಹೆಲಿಕಾಪ್ಟರಿನ ರಾಟೆ ಹಿಡಿಯಲಿಕ್ಕೆ.
ಯಾರೂ ಎರಕ ಹೊಯ್ದಿಲ್ಲ, ಸುತ್ತಿಗೆ ತಾಕಿಲ್ಲ.
ಹಿಟ್ಟಿಗಿಂತ ನುಣ್ಣನೆಯ ಪುಡಿ ಹರಡಿ ಹರಡಿ
ಲೇಸರಿನ ಸೂಜಿ ಹೊಲಿದದ್ದು,
ಎರಡು ಸಾವಿರ ಪದರ.

ಅಷ್ಟು ಹೊಲಿದ ಮೇಲೆ
ಅಲ್ಲೊಂದು ಇಲ್ಲೊಂದು ಹೊಲಿಗೆ ತಪ್ಪದೆ ಇದ್ದೀತೆ?
ಹೊರಗೆ ಥಳುಕು, ಒಳಗೆ ಹುಳುಕು.
ರಾಗಿಕಾಳಿನ ಹತ್ತನೆಯ ಪಾಲೂ ಇಲ್ಲದ ಟೊಳ್ಳುಗಳು
ಸ್ಕ್ಯಾನಿನ ಬೂದು ಚಿತ್ರದಲ್ಲಿ
ಕಪ್ಪಗೆ ಕಣ್ಣು ಬಿಟ್ಟಿವೆ.
ನಡುಗಿ ನಡುಗಿ ದಣಿದ ಲೋಹ
ಸೀಳುವುದಾದರೆ ಮೊದಲು ಅಲ್ಲೇ.

ಪಿರ್ಕ್ಕೊ ಒಂದೊಂದನ್ನೂ ಬುಟ್ಟಿಯಲ್ಲಿ
ಮೊಟ್ಟೆ ಇಟ್ಟಂತೆ ಇಟ್ಟು
ಮೈತುಂಬ ಉಕ್ಕಿನ ತಂತಿ ಸುತ್ತಿಕೊಂಡ
ಆ ದಪ್ಪ ಉರುಳೆಯೊಳಗೆ ಇಳಿಸುತ್ತಾಳೆ.
ಮುಚ್ಚಳ. ಆರ್ಗಾನ್. ಒಂಬೈನೂರಿಪ್ಪತ್ತು ಡಿಗ್ರಿ.
ಹತ್ತು ಕಿಲೋಮೀಟರ್ ಆಳದ ಕಡಲೊಂದು
ಕೆಂಡವಾಗಿ ಬಂದು ಮೈಮೇಲೆ ಕೂತ ಹಾಗೆ
ಎರಡು ಗಂಟೆ.
ಮೇಲಿನಿಂದ ಎಷ್ಟೋ ಕೆಳಗಿನಿಂದಲೂ ಅಷ್ಟೇ,
ಮೂಲೆಗೂ ಮಟ್ಟಕ್ಕೂ ಒಂದೇ ಅಳತೆ;
ಇಂಥ ಪಕ್ಷಪಾತವಿಲ್ಲದ ಕೈ
ನಾನು ಮನುಷ್ಯರಲ್ಲಿ ಕಂಡಿಲ್ಲ.

ಲೋಹ ಕರಗುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೆ.
ಟೊಳ್ಳಿನ ಗೋಡೆಗಳು ಸರಿದು ಸರಿದು
ಒಂದಕ್ಕೊಂದು ತಾಕಿ,
ಗಡಿ ಎಲ್ಲಿತ್ತೆಂದು ಪರಮಾಣುಗಳಿಗೇ ಮರೆತುಹೋಗಿ
ಆಚೆಯವು ಈಚೆಗೆ, ಈಚೆಯವು ಆಚೆಗೆ.
ಆಗ ಕೋಣೆಯಲ್ಲಿ ಕೇಳುವುದು
ಪಂಪಿನ ಗುರ್ ಮತ್ತು ಪಿರ್ಕ್ಕೊ
ಏಲಕ್ಕಿ ಬನ್ನು ಕಾಫಿಗೆ ಅದ್ದುವ ಸದ್ದು.

ಬೆಳಗ್ಗೆ ಮೆಲ್ಕರ್ ಪರದೆಯ ಮುಂದೆ.
ಇಪ್ಪತ್ತಾರರ ಹುಡುಗ, ವಿನ್ಯಾಸ ಅವನದೇ.
ಹದಿಮೂರು ಶುದ್ಧ.
ಹದಿನಾಲ್ಕನೆಯದರಲ್ಲಿ ಅದೇ ಕಪ್ಪು ಕಣ್ಣು,
ರೆಪ್ಪೆಯನ್ನೂ ಬಡಿದಿಲ್ಲ.
"ಇನ್ನೊಮ್ಮೆ ಒತ್ತೋಣ. ಇನ್ನೂ ಜೋರಾಗಿ."

ಅವಳು ಮಾತಾಡದೆ ಅದಕ್ಕೆ ಬಣ್ಣದ ದ್ರವ ಸವರಿ, ಒರೆಸಿ
ನೇರಳೆ ದೀಪದಡಿ ಹಿಡಿದಳು:
ಮೈಮೇಲೆ ಹಸಿರಾಗಿ ಹೊಳೆದದ್ದು ಒಂದೇ ಎಳೆ,
ಕೂದಲಿಗಿಂತ ಸಪೂರ.
"ಇದಕ್ಕೆ ಬಾಯಿದೆ. ಹೊರಗೆ ಎಷ್ಟು ಒತ್ತಿದರೂ
ಅಷ್ಟೇ ಒಳಗೂ ನುಗ್ಗಿ ನಿಂತು
ಗೋಡೆಯನ್ನು ವಾಪಸು ತಳ್ಳುತ್ತೆ.
ತಕ್ಕಡಿ ಅಲುಗೋದೇ ಇಲ್ಲ.
ಬಾಯಿ ಮುಚ್ಚಿದ ತೂತು ಮಾತ್ರ ಮಾಯೋದು."

ಮೆಲ್ಕರ್ ನಕ್ಕ: "ನಮ್ಮಕ್ಕ ಉಲ್ಟಾ ಹೇಳ್ತಾಳೆ,
ಒಳಗಿರೋದನ್ನ ಹೊರಗೆ ಹಾಕು, ಆಗ ವಾಸಿಯಾಗುತ್ತೆ ಅಂತ."
"ಲೋಹ ಲೋಹ. ನಿಮ್ಮಕ್ಕ ನಿಮ್ಮಕ್ಕ.
ಕಾಫಿ ಆರುತ್ತೆ, ಕುಡಿ."

ಬಾತ್ನಿಯಾ ಕೊಲ್ಲಿಯ ನವೆಂಬರಿನಲ್ಲಿ
ಮಗುಚಿದ ದೋಣಿಯಿಂದ ಅವಳ ಅಣ್ಣನನ್ನು
ಇಂಥದೇ ಕೊಂಡಿಯ ಹಗ್ಗ ಮೇಲೆತ್ತಿತ್ತಂತೆ.
ಜೊತೆಗಿದ್ದ ಇನ್ನೊಬ್ಬನನ್ನು, ಇಲ್ಲ.
ಅವಳು ಹೇಳಿದ್ದಲ್ಲ. ಬೇರೆ ಯಾರೋ,
ಎಂದೋ, ಬಸ್ಸಿನಲ್ಲಿ.

ನಾನು ಇಲ್ಲಿ ಪ್ರಮಾಣಪತ್ರ ಬರೆಯುವವನು.
ಬಾಯಿಗೆ ಬೆಸುಗೆ ಹಾಕಿ ಮತ್ತೆ ಒತ್ತಬಹುದಿತ್ತು;
ನಿಯಮ ಒಪ್ಪುವುದಿಲ್ಲ. ಕೆಂಪು ಮೊಹರು.
ಕಾರಣ ಎಂಬ ಅಂಕಣದಲ್ಲಿ
ಎರಡೇ ಪದ: ಬಾಯಿ ತೆರೆದಿತ್ತು.

ಉಳಿದ ಹದಿಮೂರನ್ನು ತೂಗಿದೆ, ಅಳೆದೆ.
ತೂಕ ನಿನ್ನೆಯದೇ, ಗುಂಜಿಯಷ್ಟೂ ಹೆಚ್ಚುಕಮ್ಮಿಯಿಲ್ಲ.
ಗಾತ್ರ ಮಾತ್ರ
ಕಣ್ಣಿಗೆ ಕಾಣದಷ್ಟು
ಕುಗ್ಗಿದೆ.