ನಲವತ್ತನಾಲ್ಕು ಇಂಚು

ನಾಟಕದವರು ನನ್ನನ್ನು ಕರೆದದ್ದು ಅಂಕಿಗಳಿಗಾಗಿ.
ಆಗುಂಬೆ ಕಡೆ ಎಷ್ಟು ಮಳೆ, ಗಾಜನೂರಿನಿಂದ ಎಷ್ಟು ನೀರು,
ಎಷ್ಟು ಹೊತ್ತಿಗೆ ತುಂಗೆ ಪೇಟೆ ಮುಟ್ಟಿದಳು.
ಹೊಳೆಯ ಜಾತಕ ಬರೆಯುವವಳು ನಾನು,
ಹದಿನಾರು ವರ್ಷದಿಂದ, ಸರ್ಕಾರಿ ಸಂಬಳಕ್ಕೆ.

"ಇಲ್ಲಿ ನೋಡುವವರೇ ಆಡುವವರು" ಅಂದಿದ್ದ ಇಂದುಧರ.
"ನೀವು ಓದಿ. ನೀರು ಏರಿದಂತೆ ಅವರು ಹಿಂದೆ ಸರೀತಾರೆ."
ಕುಂಬಾರಗುಂಡಿಯ ಶಾಲೆಯಂಗಳದಲ್ಲಿ
ಶಾಮಿಯಾನದವನ ನೀಲಿ ಬಟ್ಟೆಯ ಹೊಳೆ,
ಅದು ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ.

ಓದಿದೆ: "ಎಪ್ಪತ್ತು ಸಾವಿರ ಕ್ಯೂಸೆಕ್ಸ್."
ಯಾರೂ ಕದಲಲಿಲ್ಲ.
ಮತ್ತೆ ಓದಿದೆ, ಮೈಕು ಕೀರಲಿತು.
ಹಿಂದಿನಿಂದ ಒಂದು ದನಿ:
"ಅದು ಎಷ್ಟು ಮೊಳ ಆಗ್ತದೆ, ಮೇಡಂ?"

ಗೊತ್ತಿರಲಿಲ್ಲ ನನಗೆ.
ಊರಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ: ಮಂಟಪ ಮುಳುಗಿತಾ?
ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿನ ಕಲ್ಲುಮಂಟಪ
ತಲೆ ಮುಳುಗಿಸಿಕೊಂಡರೆ ಊರಿಗೆ ಊರೇ ಸೇತುವೆ ಮೇಲೆ.
ಆ ವರ್ಷ ನಾನೂ ಹೋಗಿದ್ದೆ,
ಛತ್ರಿ ಹಿಡಿದು, ಸುಟ್ಟ ಜೋಳ ಕಡಿಯುತ್ತ,
ಆಹಾ ಅಂದಿದ್ದೆ.

ಕೇಳಿದವರು ಜೈಬುನ್ನಿಸಾ, ಬ್ಲೌಸು ಹೊಲಿಯುವವರು.
ಕೊರಳಲ್ಲಿ ಟೇಪು, ಬೆರಳಲ್ಲಿ ನೀಲಿ ಸುಣ್ಣದ ಬಿಲ್ಲೆ.
"ನಮ್ಮ ಮನೇಲಿ ನಲವತ್ತನಾಲ್ಕು ಇಂಚು.
ಮಿಷನ್ನಿನ ಚಕ್ರ ದಾಟಿ, ಗಡಿಯಾರಕ್ಕಿಂತ ಕೆಳಗೆ.
ನೀರಿಳಿದ ಮೇಲೆ ಗೋಡೆಗೆ ಟೇಪು ಹಿಡಿದೇ ನೋಡಿದ್ದು ನಾನು."

ಇಂದುಧರನ ಹಸ್ತಪ್ರತಿಯಲ್ಲಿ ಇದು ಇರಲಿಲ್ಲ.
ಆಕೆ ಎದ್ದರು, ಟೇಪಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ
ಒಬ್ಬೊಬ್ಬರ ಪಾದದಿಂದ ಮೇಲಕ್ಕೆ ಅಳೆದರು,
ಅಂಗಿಗೆ ಅಳತೆ ತೆಗೆಯುವಷ್ಟೇ ಸಾವಧಾನವಾಗಿ,
"ನೆಟ್ಟಗೆ ನಿಲ್ಲಿ, ಉಸಿರು ಬಿಡಿ" ಅನ್ನುತ್ತ.

ಪಾಲಿಕೆಯ ಇಂಜಿನಿಯರಿಗೆ, ಆರಡಿ ಆಳು, ಗೆರೆ ಹೊಕ್ಕುಳ ಮೇಲೆ.
ನನಗೆ ಪಕ್ಕೆಲುಬಿನ ಮೇಲೆ.
ಸೊಪ್ಪಿನ ಹೊಳೆಲಿಂಗಮ್ಮನಿಗೆ ಕುತ್ತಿಗೆಯ ಹತ್ತಿರ,
ಬೆನ್ನು ಬಾಗಿದೆಯಲ್ಲ.
ಗಾಲಿಕುರ್ಚಿಯ ಪೀಟರನಿಗೆ ಬಾಯಿಯ ಎದುರು.
ಅವನು ನಕ್ಕ, "ಸುಣ್ಣ ತಿನ್ನಿಸಬೇಡ ಚಾಚಿ."

ನೀರು ಒಂದೇ.

ಆಮೇಲೆ ಐದು ವರ್ಷದ ಸನಾ, ಮೊಮ್ಮಗಳು,
ತಾನಾಗಿ ಬಂದು ನಿಂತಳು, ಹಿಮ್ಮಡಿ ಎತ್ತಿ.
ಟೇಪು ಅವಳ ಹಣೆ ದಾಟಿತು, ರಿಬ್ಬನ್ ದಾಟಿತು,
ಗೆರೆ ಎಳೆಯಲು ಮೈ ಸಾಲಲಿಲ್ಲ.
ಜೈಬುನ್ನಿಸಾ ಕೈ ಎತ್ತಿಯೇ ನಿಂತರು,
ಬೆರಳ ತುದಿಯಲ್ಲಿ ನೀಲಿ,
ಬರೆಯಲು ಗಾಳಿಯಷ್ಟೇ.

ನಾನು ಕಾಗದ ಮಡಚಿದೆ.

ಕೊನೆಗೆ ಎಲ್ಲರೂ ಕೈಕೈ ಹಿಡಿಯಬೇಕೆಂದು ಇತ್ತು.
ಹಿಡಿಯಲಿಲ್ಲ. "ಯಾರ ಮನೆಗೆ ಬಂದೇ ಇಲ್ಲವೋ
ಅವರ ಮೈಗೂ ಯಾಕೆ ಗೆರೆ?" ಅಂತ ಶುರುವಾದ ಜಗಳ
ಇಂಜಿನಿಯರನ್ನು ನಡುವೆ ಹಾಕಿಕೊಂಡು
ಗೇಟಿನಾಚೆ, ಹೂಳು ತುಂಬಿದ ರಾಜಕಾಲುವೆಯವರೆಗೂ ಹೋಯಿತು.
ಅವನ ಬಿಳಿ ಅಂಗಿಯ ನೀಲಿ ಗೆರೆ
ಬೀದಿದೀಪದಲ್ಲಿ ದೂರದಿಂದಲೂ ಕಾಣುತ್ತಿತ್ತು.
ಇಂದುಧರ ಇಟ್ಟಿಗೆ ಎತ್ತಿ ಹೊಳೆ ಸುತ್ತತೊಡಗಿದ:
ಶಾಮಿಯಾನದವನಿಗೆ ಒಂಬತ್ತರೊಳಗೆ ವಾಪಸು ಕೊಡಬೇಕಿತ್ತು.

ಮರುದಿನ ವರದಿಯಲ್ಲಿ ಹೊಸ ಕಲಮು ಸೇರಿಸಿದೆ.
ಸ್ಥಳ: ಕುಂಬಾರಗುಂಡಿ. ಮಟ್ಟ: ನಲವತ್ತನಾಲ್ಕು ಇಂಚು.
ಅಳೆದವರು: ಜೈಬುನ್ನಿಸಾ.
ಮೇಲಧಿಕಾರಿ ಪೆನ್ನಿನ ತುದಿಯಿಂದ ಕುಟ್ಟಿ ಕೇಳಿದರು,
"ಇವರ ಹುದ್ದೆ?"
ದರ್ಜಿ, ಎಂದು ಬರೆದೆ.