ಆಲ್ಟರೇಷನ್ ಮಾಡಿಕೊಡಲಾಗುವುದು

ಬೋರ್ಡಿನಲ್ಲಿ ಒಂದು ಅಕ್ಷರ ಅಳಿಸಿ ಎರಡು ಮಳೆಗಾಲವಾಯಿತು.
ಬಣ್ಣ ಹಚ್ಚಿಸಬೇಕು ಅಂದುಕೊಳ್ಳುವಷ್ಟರಲ್ಲಿ
ಯಾರೋ ಒಂದು ಪ್ಯಾಂಟು ತಂದು ಮೂಗಿನ ಮುಂದೆ ಹಿಡಿಯುತ್ತಾರೆ,
‘ಅಕ್ಕಾ, ಸೊಂಟ ಒಂದಿಂಚು ಬಿಡಿ.’

ಶ್ರೀರಾಮಪುರ, ಮೆಟ್ರೋ ಕಂಬದಿಂದ ಎಡಕ್ಕೆ,
ಹೊಂಗೆ ಮರದ ಕೆಳಗೆ ಮಿಷನ್ನು, ಸ್ಟೂಲು, ನಾನು.

ಈ ಮರಕ್ಕೆ ನನ್ನ ಮೇಲೆ ಕರುಣೆಯಿಲ್ಲ.
ಶಿವರಾತ್ರಿಯ ಹೊತ್ತಿಗೆ ಇದ್ದಬದ್ದ ಎಲೆ ಕೊಡವಿ
ಬರಿಮೈಯಲ್ಲಿ ನಿಂತುಬಿಡುತ್ತದೆ,
ಬಿಸಿಲು ನೇರ ನನ್ನ ನೆತ್ತಿಗೆ.
ಕೊಂಬೆಗೆ ಹರಕು ಛತ್ರಿ ಕಟ್ಟಿಕೊಂಡು
ಹದಿನೈದು ದಿನ ಬೈಯುತ್ತೇನೆ.
ಹದಿನಾರನೆಯ ಬೆಳಗ್ಗೆ ಬಂದರೆ
ಅಷ್ಟೂ ಹೊಸದು! ಎಣ್ಣೆ ಸವರಿ ಒರೆಸಿದಂಥ ಎಲೆ.
ಅಳತೆ ಯಾರು ತೆಗೆದರೋ
ಎಲ್ಲೂ ಬಿಗಿಯಿಲ್ಲ, ಎಲ್ಲೂ ಸುಕ್ಕಿಲ್ಲ.

ಏಪ್ರಿಲಿನಲ್ಲಿ ಹೂವುದುರಿ ನೂಲಿನ ಡಬ್ಬಿಯೆಲ್ಲ ಅರಳು ಚೆಲ್ಲಿದ ಹಾಗೆ.
ಒಂದು ಸಂಜೆ ಹೇಳದೆ ಕೇಳದೆ ಆಲಿಕಲ್ಲು.
ಟಾರ್ಪಾಲು ಎಳೆಯುವುದರೊಳಗೆ
ಕುಮುದವಲ್ಲಿಯ ರೇಷ್ಮೆ ಕುಪ್ಪಸಕ್ಕೆ
ಪಕ್ಕದ ಕೆಂಪು ಲೈನಿಂಗಿನ ಬಣ್ಣ ಇಳಿದಿತ್ತು.
ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ನಾಲ್ಕು ಮಡಿಕೆ ಮಡಿಚಿ ಚೀಲಕ್ಕೆ ಹಾಕಿಕೊಂಡಳು,
ಮತ್ತೆ ಈ ಬೀದಿಯಲ್ಲಿ ಬರಲಿಲ್ಲ.
ಆ ಸಂಜೆಯೇ, ನಾಚಿಕೆ ಬಿಟ್ಟು ಹೇಳುತ್ತೇನೆ,
ಒದ್ದೆ ಮಣ್ಣಿನ ವಾಸನೆಗೆ
ಹತ್ತು ನಿಮಿಷ ಕಣ್ಣು ಮುಚ್ಚಿ ನಿಂತಿದ್ದೆ.

ಜೂನು ಅಂದರೆ ಯೂನಿಫಾರಮ್ಮು.
ಅಂತೋಣಿಯಮ್ಮನ ಮೊಮ್ಮಗಳು ಶೈನಿ
ಮೂರನೇ ಕ್ಲಾಸಿನ ನೀಲಿ ಲಂಗವನ್ನೇ ಆರಕ್ಕೂ ತಂದಳು.
ಅಂಚು ಬಿಚ್ಚಿದರೆ ಒಳಗೆ ಬಿಸಿಲು ಕಾಣದ ನೀಲಿ,
ಮೇಲೆ ಹೋದ ವರ್ಷದ ಗೆರೆ,
ಅದರ ಮೇಲೆ ಅದರ ಹಿಂದಿನದು,
ಇನ್ನೂ ಮೇಲೆ, ಕಂಡೂ ಕಾಣದ ಹಾಗೆ, ಒಂದು.
ಈ ಸಲ ಬಿಚ್ಚಲು ಏನೂ ಉಳಿದಿರಲಿಲ್ಲ.
ಸಿಕ್ಕ ನೀಲಿ ತುಂಡೊಂದು ಸೇರಿಸಿದೆ. ಬಣ್ಣ ಕೂಡಲಿಲ್ಲ.
ಹಾಕಿಕೊಂಡು ತುದಿಗಾಲಲ್ಲಿ ನಿಂತಳು,
‘ಆಂಟಿ, ನಾನು ಇಷ್ಟೆತ್ತರ.’
ಹತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡಿದ ಅಜ್ಜಿ
ಹೋಗುವಾಗ ಎರಡು ಕೊಡುಬಳೆ ಇಟ್ಟುಹೋದಳು.

ಆಷಾಢದಲ್ಲಿ ಗಾಳಿಗಷ್ಟೇ ಕೆಲಸ.
ಶ್ರಾವಣ ಹುಟ್ಟಿತೋ, ಊರಿನ ಹೆಂಗಸರೆಲ್ಲರಿಗೂ
ವರಮಹಾಲಕ್ಷ್ಮಿಗೆ ಮೊದಲೇ ಬೇಕು, ಫಾಲು, ಪೀಕೋ, ಕುಚ್ಚು.
ಕಣ್ಣು ಮೊದಲಿನ ಹಾಗಿಲ್ಲ.
ದಾರ ನೆಕ್ಕಿ ನೆಕ್ಕಿ ಸೂಜಿಯ ಕಣ್ಣು ಹುಡುಕುತ್ತಿದ್ದರೆ
ಬಸ್ಸಿಗೆ ಕಾಯುತ್ತಿದ್ದ ಹುಡುಗನೊಬ್ಬ, ಕಿವಿಗೆ ಇಯರ್‌ಫೋನು,
ಮಾತಿಲ್ಲದೆ ಕೈಯಿಂದ ತೆಗೆದುಕೊಂಡು
ಏಳು ಸೂಜಿಗೆ ಏಳು ಬಣ್ಣ ಪೋಣಿಸಿ
ದಿಂಡಿಗೆ ಸಾಲಾಗಿ ಚುಚ್ಚಿಟ್ಟು
ಬಸ್ಸು ಹತ್ತಿದ.
ಮೂರು ದಿನ ಆ ಸೂಜಿಗಳಲ್ಲೇ ಹೊಲಿದೆ.
ಕೊನೆಯದನ್ನು, ಹಸಿರು, ಖಾಲಿ ಮಾಡಲು ಮನಸ್ಸಾಗಲಿಲ್ಲ.

ಅಕ್ಟೋಬರಿನ ಮಳೆ ಚರಂಡಿ ಹೊತ್ತು ಬಂತು.
ಪೆಡಲಿನ ಮಟ್ಟ ನೀರು, ಬೆಲ್ಟು ಹರಿಯಿತು,
ಎರಡು ದಿನದ ಗಂಜಿ ಅದರ ಜೊತೆ ಹರಿಯಿತು.

ಈಗ ಚಳಿ. ಸ್ವೆಟರಿನ ಜಿಪ್ಪುಗಳ ಕಾಲ.
ಬೆರಳು ಒಂಬತ್ತರವರೆಗೆ ಮಾತು ಕೇಳುವುದಿಲ್ಲ.
ತರಕಾರಿ ಗಾಡಿಯ ಮುನಿರತ್ನಮ್ಮ
ಪಕ್ಕದಲ್ಲೇ ಕೂತು ಅವರೆ ಬಿಡಿಸುತ್ತಾಳೆ,
ಸೊಗಡು ಹತ್ತಿದ ಬಟ್ಟೆ ಒಯ್ದವರು
ಬೈಯುತ್ತಾರೋ, ಮೂಸಿ ನೋಡುತ್ತಾರೋ.

ವರ್ಷದ ಕೊನೆಗೆ, ಒಯ್ಯದೆ ಬಿಟ್ಟ ಬಟ್ಟೆಗಳ ಗಂಟು ಬಿಚ್ಚುತ್ತೇನೆ.
ರಿಟೈರಾದ ಪೋಸ್ಟ್‌ಮ್ಯಾನ್ ಚೆನ್ನಿಗರಾಯಪ್ಪನವರ ಬಿಳಿ ಅಂಗಿ,
ಸವೆದ ಕಾಲರು ತಿರುವಿ ಹಾಕಲು ಕೊಟ್ಟದ್ದು.
ತಿರುವಿ ನಾಲ್ಕು ವರ್ಷ. ಅವರು ಬಂದಿಲ್ಲ.
ಯಾರನ್ನೂ ವಿಚಾರಿಸಿಲ್ಲ ನಾನು.
ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಮಡಿಚಿಡುತ್ತೇನೆ.
ಬಂದು ‘ಆಯ್ತೇನಮ್ಮ’ ಅಂದರೆ
ಆಯ್ತು ಅನ್ನಬೇಕಲ್ಲ.

ಮೇಲೆ ಎಲೆ ಹಳದಿಗೆ ತಿರುಗಿದೆ.
ಒಂದು ಸದ್ದಿಲ್ಲದೆ ಜಾರಿ
ಜಿಪ್ಪಿನ ಪಟ್ಟಿಯ ಕೆಳಗೆ ಸೇರಿಕೊಂಡಿತ್ತು,
ನೋಡದೆ ಅದರ ಮೇಲೂ ಒಂದು ಸಾಲು ಹೊಲಿಗೆ ಓಡಿಸಿದ್ದೇನೆ.
ಬಿಚ್ಚಬೇಕು.
ಟೀ ಬರಲಿ, ಬಿಚ್ಚುತ್ತೇನೆ.